ಬಿಟ್ಟುಹೋದ ಒಂದು ಎಣಿಕೆ

ಮಂಜುಶ್ರೀಗೆ ಮೂರು ದಿನದಿಂದ ಅದೇ ಒಂದು ಸಾಲು ಎದುರಾಗುತ್ತಿತ್ತು. ಕಂಪ್ಯೂಟರ್ ಪರದೆಯ ತಳದಲ್ಲಿ, ಕಪ್ಪು ಪಟ್ಟಿಯ ಮೇಲೆ, ಇರುವೆ ಹರಿದಂತೆ ಬಿಳಿ ಅಕ್ಷರ: ಸಾಲು ಇನ್ನೂರ ಹನ್ನೆರಡು, ಬಾರ್ ಚೆಕ್ ಫೇಲ್ಡ್. ಅವಳು ಆ ಸಾಲಿಗೆ ಹೋಗಿ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಪುಸ್ತಕದೊಂದಿಗೆ ತಾಳೆ ನೋಡುವಳು. ಎಲ್ಲ ಸರಿಯಾಗಿಯೇ ಇರುವುದು. ಮತ್ತೆ ಓಡಿಸಿದರೆ ಮತ್ತೆ ಅದೇ ದೂರು.

ಅಗ್ರಹಾರದ ಆ ಇಕ್ಕಟ್ಟಾದ ಬೀದಿಯಲ್ಲಿ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆ ತುಂಬ ಲಗ್ನಪತ್ರಿಕೆಯ ಮಾದರಿಗಳು. ಇಪ್ಪತ್ತೆರಡು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಡಿಟಿಪಿ ಕೆಲಸ. ಮದುವೆ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಗಳ ವಾರ್ಷಿಕ ವರದಿ. ನಲವತ್ತೇಳಕ್ಕೇ ಕುತ್ತಿಗೆ ಎಡಕ್ಕೆ ಪೂರ್ತಿ ತಿರುಗುತ್ತಿರಲಿಲ್ಲ. ಅಮ್ಮ ಚಾಮುಂಡಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು ಮತ್ತು ಅವಳ ಅಪ್ಪ ದೇವಯ್ಯ ಇಬ್ಬರೇ.

ದೇವಯ್ಯನವರಿಗೆ ಎಪ್ಪತ್ತೊಂಬತ್ತು. ಒಂದು ಕಾಲದಲ್ಲಿ ಅವರು ಸಣ್ಣಮಾದಯ್ಯ ಎನ್ನುವವರ ಬ್ಯಾಂಡ್ ಸೆಟ್ಟಿನಲ್ಲಿ ಎರಡನೆಯ ಕ್ಲಾರಿಯೊನೆಟ್ ಊದುತ್ತಿದ್ದರು. ಮದುವೆ ಮೆರವಣಿಗೆ, ಉತ್ಸವ, ಗಣೇಶನನ್ನು ಬಿಡುವ ದಿನ ಎಲ್ಲಕ್ಕೂ ಆ ಸೆಟ್ಟು ಬೇಕಾಗುತ್ತಿತ್ತು. ಸಣ್ಣಮಾದಯ್ಯ ಮಾಸ್ತರು ಬೇರೆ ಬ್ಯಾಂಡಿನವರಂತೆ ಸಿನಿಮಾ ಹಾಡಿಗೆ ನಿಲ್ಲದೆ, ತಾವೇ ನಡಿಗೆಗೊಪ್ಪುವ ಮಾರ್ಚ್ ಧಾಟಿಗಳನ್ನು ಕಟ್ಟಿ, ಐದು ಗೆರೆಯ ಇಂಗ್ಲಿಷ್ ನೊಟೇಷನ್ನಿನಲ್ಲಿ ಬರೆಯುತ್ತಿದ್ದರು. ಅಕ್ಷರ ದುಂಡಗಿದ್ದ ದೇವಯ್ಯ ಅದನ್ನು ನೋಡಿಕೊಂಡು ಒಬ್ಬೊಬ್ಬ ವಾದಕನಿಗೂ ಅವನವನ ಪಾಲಿನ ಪುಸ್ತಕವನ್ನು ನಕಲು ಮಾಡಿ ಕೊಡುತ್ತಿದ್ದರು. ಮಾಸ್ತರು ಸತ್ತು, ಸೆಟ್ಟು ಚದುರಿ, ಪುಸ್ತಕಗಳ ಟ್ರಂಕು ದೇವಯ್ಯನವರ ಅಟ್ಟ ಸೇರಿ ಇಪ್ಪತ್ತೈದು ವರ್ಷವಾಗಿತ್ತು.

ಅದನ್ನು ಕೆಳಗಿಳಿಸಿದವಳು ಲಹರಿ. ಚಾಮರಾಜಪುರಂನಲ್ಲಿ ಸಂಗೀತದ ಶಾಲೆ ನಡೆಸುವ ಹೆಣ್ಣುಮಗಳು, ಮೂವತ್ತರ ಆಸುಪಾಸು. ತನ್ನ ಹದಿಮೂರು ವಿದ್ಯಾರ್ಥಿಗಳ ಊದುವಾದ್ಯದ ತಂಡಕ್ಕೆ ಮೈಸೂರಿನದೇ ಹಳೆಯ ಬ್ಯಾಂಡ್ ಸಂಗೀತ ಬೇಕೆಂದು ಹುಡುಕಿಕೊಂಡು ಬಂದಿದ್ದಳು. ಟ್ರಂಕಿನಲ್ಲಿ ಮಾಸ್ತರು ಬರೆದ ಮೂಲ ಪ್ರತಿ ಯಾವುದೂ ಉಳಿದಿರಲಿಲ್ಲ. ದೇವಯ್ಯ ನಕಲು ಮಾಡಿದ ಬಿಡಿ ಪುಸ್ತಕಗಳು ಮಾತ್ರ ಇದ್ದವು. ಅಂಚು ಹುಳಕ್ಕೆ ಆಹಾರವಾಗಿತ್ತು, ಶಾಯಿ ಕಂದಿತ್ತು.

"ಇದನ್ನೆಲ್ಲ ಹೊಸದಾಗಿ ಟೈಪ್ ಮಾಡಿಸಬೇಕು ಮಂಜಕ್ಕ," ಎಂದಿದ್ದಳು ಲಹರಿ. "ಸ್ವರಾನೂ ಅಕ್ಷರದ ಥರಾನೇ ಬರೆಯೋ ಸಾಫ್ಟ್‌ವೇರ್ ಒಂದಿದೆ. ನಿಮ್ಮ ಕೈಗೆ ಕಷ್ಟ ಆಗಲ್ಲ."

ಕಷ್ಟವಾಯಿತು. ಅದರಲ್ಲಿ ಮೌಸಿನಿಂದ ಸ್ವರವನ್ನು ಎಳೆದು ಗೆರೆಯ ಮೇಲೆ ಕೂರಿಸುವಂತಿರಲಿಲ್ಲ. ಸಿ, ಡಿ, ಇ ಎಂದು ಅಕ್ಷರ ಬರೆಯಬೇಕು. ಪಕ್ಕದಲ್ಲಿ ನಾಲ್ಕು ಎಂದರೆ ಒಂದು ಎಣಿಕೆ, ಎಂಟು ಎಂದರೆ ಅರ್ಧ ಎಣಿಕೆ. ಆರ್ ಎಂದರೆ ಮೌನ, ಬ್ಯಾಂಡಿನವರ ಮಾತಿನಲ್ಲಿ ರೆಸ್ಟು. ನಾಲ್ಕು ಎಣಿಕೆ ತುಂಬಿದರೆ ಒಂದು ಬಾರ್. ಅಲ್ಲೊಂದು ನಿಂತ ಕಡ್ಡಿ ಹಾಕಬೇಕು. ಎಲ್ಲ ಬರೆದು ಗುಂಡಿ ಒತ್ತಿದರೆ ಐದು ಗೆರೆಯ ಅಚ್ಚುಕಟ್ಟಾದ ಪುಟ ಹೊರಗೆ ಬರುತ್ತದೆ, ತಪ್ಪಿಲ್ಲದಿದ್ದರೆ.

ಮೊದಲ ವಾರ ಅವಳಿಗೆ ತಪ್ಪಿಲ್ಲದ ಪುಟ ಒಂದೂ ಬರಲಿಲ್ಲ. ಇಪ್ಪತ್ತು ವರ್ಷದಿಂದ ಹಳೆಯ ಕನ್ನಡ ಫಾಂಟಿಗೆ ಒಗ್ಗಿದ ಕೈ. ಅದರಲ್ಲಿ ಟೈಪ್ ಮಾಡಿದ ಶೀರ್ಷಿಕೆಯೆಲ್ಲ ಪುಟದ ತಲೆಯ ಮೇಲೆ ಖಾಲಿ ಡಬ್ಬಿಗಳಾಗಿ ನಿಂತವು. ಯೂನಿಕೋಡಿಗೆ ಬದಲಿಸಿದರೆ ಒತ್ತಕ್ಷರ ಕಳಚಿಕೊಂಡು ಪಕ್ಕಕ್ಕೆ ಬಿದ್ದವು. ಎರಡು ದಿನ ಒಂದೊಂದೇ ಫಾಂಟು ಹಾಕಿ ತೆಗೆದು, ಕೊನೆಗೆ ಒಂದು ಒಪ್ಪಿಕೊಂಡಿತು. ಆವರಣದ ಒಂದು ಚಿಹ್ನೆ ಮುಚ್ಚುವುದು ಮರೆತರೆ ಮುನ್ನೂರು ಸಾಲಿಗೂ ದೂರು. ಒಂದು ಸ್ವರ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಒಂದು ಸ್ಥಾಯಿ ಮೇಲೆ ಹಾರಿ, ದಪ್ಪ ದನಿಯ ವಾದ್ಯದ ಸ್ವರಗಳು ಐದು ಗೆರೆ ದಾಟಿ, ಏಣಿಯ ಮೇಲೆ ಏಣಿ ಹಾಕಿಕೊಂಡು ಪುಟದ ನೆತ್ತಿಗೆ ಹತ್ತಿ ಕೂರುತ್ತಿದ್ದವು. ಬೆಳಿಗ್ಗೆಯೆಲ್ಲ ಗಿರಾಕಿಗಳ ಕೆಲಸ, ಊಟವಾದ ಮೇಲೆ ಇದು. ಸಂಜೆ ಎದ್ದರೆ ಕಣ್ಣು ಮುಚ್ಚಿದರೂ ಗೆರೆಗಳೇ ಕಾಣುತ್ತಿದ್ದವು.

ಹಾಗೂ ಹೀಗೂ ಹನ್ನೊಂದು ಪುಸ್ತಕ ಮುಗಿಸಿದ್ದಳು. ಉಳಿದದ್ದು ಹನ್ನೆರಡನೆಯದು, ಯುಫೋನಿಯಂ ಎನ್ನುವ ವಾದ್ಯದ ಪಾಲು. ಎದೆಗವಚಿಕೊಂಡು ಊದುವ ದೊಡ್ಡ ಹಿತ್ತಾಳೆ ವಾದ್ಯ ಅದು. ಮಾಸ್ತರು ಕಟ್ಟಿದ 'ಬೆಟ್ಟದ ಮಾರ್ಚ್' ಎನ್ನುವುದರ ಮೂವತ್ತೇಳನೆಯ ಬಾರ್‌ನಲ್ಲಿ ಕೆಲಸ ನಿಂತಿತ್ತು. ನಾಲ್ಕು ಎಣಿಕೆ ಇರಬೇಕಾದಲ್ಲಿ ಮೂರೇ ಇದೆ ಎಂದು ಸಾಫ್ಟ್‌ವೇರಿನ ಹಠ. ಪುಸ್ತಕದಲ್ಲೂ ಮೂರೇ ಇದ್ದವು. ಹುಳ ತಿಂದಿರಬಹುದೆಂದು ಅವಳು ಭೂತಗನ್ನಡಿ ಇಟ್ಟು ನೋಡಿದಳು. ಕಾಗದ ಅಲ್ಲಿ ಗಟ್ಟಿಯಾಗಿಯೇ ಇತ್ತು. ಬೇಸತ್ತು ಬಾರಿನ ಕಡ್ಡಿಯನ್ನೇ ಅಳಿಸಿದಳು. ದೂರು ನಿಂತಿತು. ಆದರೆ ಹನ್ನೆರಡು ಪಾಲನ್ನೂ ಒಟ್ಟಿಗೆ ಜೋಡಿಸಿ ನೋಡಿದರೆ ಯುಫೋನಿಯಂ ಅಲ್ಲಿಂದ ಕೊನೆಯವರೆಗೂ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು.

ಲಹರಿಗೆ ಫೋನ್ ಮಾಡಿದಳು. ಹಿಂದೆ ಯಾರೋ ಕೊಳಲು ಅಭ್ಯಾಸ ಮಾಡುವ ಸದ್ದು.

"ಕಡ್ಡಿ ತೆಗೆದ್ರೆ ಅದು ಬೈಯೋದು ನಿಲ್ಲತ್ತೆ ಅಷ್ಟೆ ಮಂಜಕ್ಕ, ತಪ್ಪು ಹೋಗಲ್ಲ," ಎಂದಳು ಲಹರಿ. "ಒಂದು ಸಲ ಕಂಪ್ಯೂಟರಿನಲ್ಲೇ ನುಡಿಸಿ ಕೇಳಿ. ನಿಮ್ಮ ತಂದೆಯವರಿಗೆ ಕೇಳಿಸಿ. ಕಣ್ಣಿಗೆ ಸಿಗದೆ ಇದ್ದದ್ದು ಕೆಲವು ಸಲ ಕಿವಿಗೆ ಸಿಗತ್ತೆ."

ಪೊರೆಯ ಆಪರೇಷನ್ ಮಾಡಿಸಿದ್ದರೂ ದೇವಯ್ಯನವರ ಎರಡೂ ಕಣ್ಣಿನ ನೋಟದ ನಡುಭಾಗಕ್ಕೆ ಮಬ್ಬು ಕವಿದು ನಾಲ್ಕು ವರ್ಷವಾಗಿತ್ತು. ಎದುರಿಗಿದ್ದವರ ಮುಖ ಕಾಣಬೇಕಾದರೆ ಅವರು ಸ್ವಲ್ಪ ಪಕ್ಕಕ್ಕೆ ನೋಡಬೇಕಿತ್ತು. ಮಗಳು ಕರೆದಾಗ ಒಳಗಿನಿಂದ ಗೋಡೆ ಸವರಿಕೊಂಡು ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತರು.

"ಯಾವುದವ್ವ?"

"ಬೆಟ್ಟದ ಮಾರ್ಚ್, ಅಪ್ಪಾಜಿ. ಕೇಳಿ, ಎಲ್ಲೋ ಒಂದು ಕಡೆ ತಪ್ಪಿದೆ."

ಕಂಪ್ಯೂಟರ್ ನುಡಿಸತೊಡಗಿತು. ಮಕ್ಕಳ ಆಟಿಕೆಯಂಥ ತೆಳು ದನಿ, ಆದರೂ ದೇವಯ್ಯನವರ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಮೊದಲ ಭಾಗ ಮುಗಿಯಿತು. ನಡುವಿನ ಸದ್ದಡಗಿದ ಭಾಗ ಬಂತು. ಅದು ಮುಗಿದು ಮತ್ತೆ ಎಲ್ಲ ಒಟ್ಟಿಗೆ ಏಳುವ ಜಾಗದಲ್ಲಿ ಯುಫೋನಿಯಂ ಒಂದು ಎಣಿಕೆ ಮೊದಲೇ ನುಗ್ಗಿತು. ಎಲ್ಲ ಕಲಸಿಹೋಯಿತು. ಅವರ ಬೆರಳು ನಿಂತಿತು.

"ನಿಲ್ಲಿಸು," ಎಂದರು. ಆಮೇಲೆ, "ಇನ್ನೊಂದ್ಸಲ ಹಾಕು."

ಇನ್ನೊಂದು ಸಲ ಹಾಕಿದಳು. ಅದೇ ಜಾಗದಲ್ಲಿ ಅವರು ಮುಖ ಕಿವುಚಿದರು.

"ಅದು ನೀನು ಟೈಪ್ ಮಾಡುವಾಗ ಆದ ತಪ್ಪೇನವ್ವ?"

"ಇಲ್ಲ ಅಪ್ಪಾಜಿ. ಪುಸ್ತಕದಲ್ಲೇ ಹಾಗಿದೆ. ಮೂವತ್ತಾರನೆಯ ಬಾರ್ ಒಂದು ಸಾಲಿನ ಕೊನೆಗೆ ಮುಗಿಯುತ್ತೆ, ಮೂವತ್ತೇಳು ಮುಂದಿನ ಸಾಲಿನಲ್ಲಿ ಶುರು. ಅಲ್ಲಿ ಮೂರೇ ಎಣಿಕೆ ಇದೆ." ಹೇಳುತ್ತಲೇ ಅವಳಿಗೆ ಹೊಳೆದು ಪುಟ ಹಿಂದೆ ತಿರುಗಿಸಿದಳು. ಐದನೆಯ ಬಾರ್‌ನಲ್ಲಿ ಇದೇ ಸ್ವರಗಳಿದ್ದವು. ಅಲ್ಲಿ ಮಾತ್ರ ಮೊದಲಿಗೆ ಒಂದು ಕೊಕ್ಕೆಯಂಥ ಗುರುತು. "ಇಲ್ಲಿ ನೋಡಿ, ಇಲ್ಲಿ ಮೊದಲ ಎಣಿಕೆಗೆ ರೆಸ್ಟ್ ಇದೆ. ಅಲ್ಲಿ ಅದು ಬಿಟ್ಟುಹೋಗಿದೆ. ಸಾಲು ದಾಟುವಾಗ ಬಿಟ್ಟುಹೋಗಿದೆ."

"ಯಾರ ಕೈಬರಹ ಅದು?"

ಕೇಳಬೇಕಾದ ಪ್ರಶ್ನೆಯೇ ಆಗಿರಲಿಲ್ಲ. "ನಿಮ್ಮದೇ ಅಪ್ಪಾಜಿ," ಎಂದಳು ಮಂಜುಶ್ರೀ.

ದೇವಯ್ಯ ಎರಡು ಕೈಯನ್ನೂ ಮಂಡಿಗೆ ಒತ್ತಿ ಹಿಡಿದು ಕೂತರು. ಲಗ್ನಪತ್ರಿಕೆ ಕೇಳಲು ಯಾರೋ ಬಂದರು. ನಾಳೆ ಬನ್ನಿ ಎಂದು ಅವಳು ಕಳಿಸಿದಳು. ಅಪ್ಪ ಹಾಗೆ ಕೂತದ್ದನ್ನು ಅವಳು ಅಮ್ಮ ಸತ್ತ ದಿನ ಮಾತ್ರ ನೋಡಿದ್ದಳು.

"ಹುಚ್ಚಯ್ಯ ಅಂತ ಒಬ್ಬನಿದ್ದ," ಎಂದು ಕೊನೆಗೆ ಅವರೇ ಶುರು ಮಾಡಿದರು.

ನಲವತ್ತು ವರ್ಷದ ಹಿಂದಿನ ಮಾತು. ಮಂಡ್ಯದಲ್ಲಿ ಬ್ಯಾಂಡ್ ಸೆಟ್ಟುಗಳ ಸ್ಪರ್ಧೆ ಏರ್ಪಟ್ಟಿತ್ತು. ಅದಕ್ಕೆಂದೇ ಮಾಸ್ತರು ಬೆಟ್ಟದ ಮಾರ್ಚ್ ಕಟ್ಟಿದ್ದರು. ಹೋಗಲು ಎರಡು ದಿನ ಇದ್ದಾಗ ಅಭ್ಯಾಸದ ಶೆಡ್ಡು ಸೋರಿ ಪುಸ್ತಕಗಳ ಶಾಯಿಯೆಲ್ಲ ಹರಡಿಕೊಂಡಿತು. ದೇವಯ್ಯ ಮಾಸ್ತರ ಪ್ರತಿ ನೋಡಿಕೊಂಡು ಎರಡೇ ದಿನದಲ್ಲಿ ಹನ್ನೆರಡು ಪುಸ್ತಕವನ್ನೂ ಹೊಸದಾಗಿ ಬರೆದರು. ಅವನ್ನಿಟ್ಟುಕೊಂಡು ಅಭ್ಯಾಸ ಮಾಡಲು ಹೊತ್ತಿರಲಿಲ್ಲ. ಹುಚ್ಚಯ್ಯ ಯುಫೋನಿಯಂಗೆ ಸೇರಿ ಆಗಿನ್ನೂ ತಿಂಗಳಾಗಿತ್ತು. ಉಳಿದವರೆಲ್ಲ ವರ್ಷಗಟ್ಟಲೆ ಒಟ್ಟಿಗಿದ್ದವರು. ಪುಸ್ತಕ ಎದುರಿಗಿಟ್ಟುಕೊಂಡರೂ ಕಿವಿಯಿಂದಲೇ ಊದುವವರು. ಬರೆದದ್ದನ್ನು ಬರೆದ ಹಾಗೆ ಓದಿ ಊದಲು ಬರುತ್ತಿದ್ದದ್ದು ಹುಚ್ಚಯ್ಯನಿಗೆ ಒಬ್ಬನಿಗೇ.

"ತೀರ್ಪುಗಾರರ ಮುಂದೆ, ಸರಿಯಾಗಿ ಅದೇ ಜಾಗದಲ್ಲಿ, ಅವನು ಮೊದಲೇ ಎತ್ತಿಬುಟ್ಟ. ನಮ್ಮ ಕಾರ್ನೆಟ್ ಊದೋರು ಅವನ ಹಿಂದೆ ಹೋದ್ರು, ಡ್ರಮ್ಮಿನವನು ನಮ್ಮ ಜೊತೆ ಉಳ್ಕೊಂಡ. ಎಲ್ಲ ನಿಂತೋಯ್ತು. ಜನ ನಕ್ಕರು. ಮಾಸ್ತರು ವೇದಿಕೆ ಮೇಲೇ ಅವನ ಕೈಯಿಂದ ವಾದ್ಯ ಕಿತ್ಕೊಂಡ್ರು ಕಣವ್ವ. ಎಣಿಸೋಕೆ ಬರದ ನನ್ಮಗನೆ ಅಂದ್ಬುಟ್ರು, ಎಲ್ಲರೆದುರಿಗೆ."

"ಅವರು ಏನೂ ಹೇಳಲಿಲ್ವಾ?"

"ಹೇಳ್ದ. ಹಾಳೇಲಿ ಇರೋದನ್ನೇ ಊದಿದೀನಿ ಮಾಸ್ತರೇ ಅಂದ." ದೇವಯ್ಯ ಮುಖ ಪಕ್ಕಕ್ಕೆ ತಿರುಗಿಸಿದರು. ಅವಳ ಮುಖ ನೋಡಲೋ, ನೋಡದಿರಲೋ ತಿಳಿಯಲಿಲ್ಲ. "ಮಾಸ್ತರು ನನ್ನ ಕಡೆ ತಿರುಗಿ, ಏನ್ ದೇವಯ್ಯ, ಹಾಳೆ ಸರಿಯಾಗಿದ್ಯಾ ಅಂದ್ರು. ಸರಿಯಾಗಿದೆ ಅಂದ್ಬುಟ್ಟೆ."

"ನೋಡಿ ಹೇಳಿದ್ರಾ?"

"ನೋಡ್ಲಿಲ್ಲ."

ಹುಚ್ಚಯ್ಯ ಆಮೇಲೆ ಸೆಟ್ಟಿಗೆ ಬರಲಿಲ್ಲ. ಬೇರೆ ಸೆಟ್ಟಿನವರೂ ಸೇರಿಸಿಕೊಳ್ಳಲಿಲ್ಲ. ಮಂಡ್ಯದ ಕತೆ ಅಷ್ಟೊತ್ತಿಗೆ ಊರೆಲ್ಲ ಹರಡಿತ್ತು. ಮಾಸ್ತರು ಆ ಮಾರ್ಚನ್ನು ಮತ್ತೆಂದೂ ಮುಟ್ಟಲಿಲ್ಲ. ಪುಸ್ತಕಗಳನ್ನು ಟ್ರಂಕಿಗೆ ಹಾಕಿದರು. ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳದೆ ಅದರೊಳಗೇ ಉಳಿಯಿತು.

ಮಂಜುಶ್ರೀ ಇನ್ನೂರ ಹನ್ನೆರಡನೆಯ ಸಾಲಿಗೆ ಹೋಗಿ, ಮೊದಲಿಗೆ ಆರ್ ನಾಲ್ಕು ಎಂದು ಸೇರಿಸಿ, ಅಳಿಸಿದ್ದ ಕಡ್ಡಿಯನ್ನು ಮತ್ತೆ ಹಾಕಿ ಗುಂಡಿ ಒತ್ತಿದಳು. ದೂರಿಲ್ಲದೆ ಪುಟ ಬಂತು. ಮೂರು ದಿನ ಹಿಂಡಿದ ಕೆಲಸ ಎರಡು ಅಕ್ಷರದಲ್ಲಿ ಮುಗಿದಿತ್ತು. ಖುಷಿಯಾಗಬೇಕಿತ್ತು. ಅವಳಿಗೆ ಅಲ್ಲೇ ಮೇಜಿನ ಮೇಲೆ ತಲೆಯಿಟ್ಟು ಮಲಗಬೇಕೆನಿಸಿತು.

"ಸರಿಹೋಯ್ತು ಅಪ್ಪಾಜಿ. ಲಹರಿಗೆ ಕಳಿಸಿಬಿಡ್ತೀನಿ."

"ಕಳಿಸು," ಎಂದು ಅವರು ಎದ್ದು ಒಳಗೆ ಹೋದರು.

ಅವಳು ಕಳಿಸಲಿಲ್ಲ. ಯಾಕೆಂದು ತನಗೇ ಗೊತ್ತಿರಲಿಲ್ಲ. ಮುಂದಿನ ನಾಲ್ಕು ದಿನ ದೇವಯ್ಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ರೇಡಿಯೋ ಹಾಕಲಿಲ್ಲ. ಬೀದಿ ಕೊನೆಯ ಗುಡಿಗೂ ಹೋಗಲಿಲ್ಲ. ಐದನೆಯ ದಿನ ಬೆಳಿಗ್ಗೆ ಅವಳು ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದಾಗ ಹಿಂದೆ ಬಂದು ನಿಂತರು.

"ಅವನು ಇದಾನೋ ಇಲ್ವೋ ವಿಚಾರಿಸ್ತೀಯಾ?"

"ಯಾಕೆ ಅಪ್ಪಾಜಿ ಈಗ? ನಲವತ್ತು ವರ್ಷ ಆಯ್ತು. ಅವರು ಮರೆತಿರ್ತಾರೆ." ಅವಳಿಗೆ ನಿಜವಾಗಿಯೂ ಸಾಕಾಗಿತ್ತು. ಇನ್ನೊಂದು ಹೊರೆ ಬೇಡವಾಗಿತ್ತು.

"ಮರೆತಿರೋಕಿಲ್ಲ," ಎಂದರು ದೇವಯ್ಯ. "ನಾನು ಮರೆತಿದ್ದೆ. ಅದೇ ನಂಗೆ ತಡ್ಕೊಳಕಾಗ್ತಿಲ್ಲ."

ಹುಚ್ಚಯ್ಯನವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಹಳೆಯ ಡ್ರಮ್ಮಿನವರ ಮಗ ಅಶೋಕ ವಿಳಾಸ ಹೇಳಿದ. ಶ್ರೀರಾಂಪುರದ ಹೊಸ ಬಡಾವಣೆಯೊಂದರಲ್ಲಿ, ಅರ್ಧ ಕಟ್ಟಿದ ಮನೆಗಳ ನಡುವೆ, ಚಿಕ್ಕದೊಂದು ತಾರಸಿ ಮನೆ. ಒಂದು ಶನಿವಾರ ಹತ್ತು ಗಂಟೆಗೆ ತಂದೆ ಮಗಳು ಆಟೋದಲ್ಲಿ ಹೋದರು. ದೇವಯ್ಯ ಇಸ್ತ್ರಿ ಮಾಡಿದ ಶರಟು ಹಾಕಿದ್ದರು. ಪುಸ್ತಕವನ್ನು ಬಟ್ಟೆಯ ಚೀಲದಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡಿದ್ದರು.

ಬಾಗಿಲು ತೆಗೆದವರು ಹುಚ್ಚಯ್ಯನವರ ಹೆಂಡತಿ ಪುಟ್ಟತಾಯಮ್ಮ. ಒಳಗೆ ಹುಚ್ಚಯ್ಯ ಪತ್ರಿಕೆ ಓದುತ್ತಾ ಕೂತಿದ್ದರು. ಅಗಲ ಎದೆಯ, ದಪ್ಪ ಕನ್ನಡಕದ ಆಳು. ಬ್ಯಾಂಡು ಬಿಟ್ಟ ಮೇಲೆ ಮೂವತ್ತು ವರ್ಷ ಲಗೇಜ್ ಆಟೋ ಓಡಿಸಿದ್ದರಂತೆ. ದೇವಯ್ಯನವರನ್ನು ಕಂಡೊಡನೆ ಗುರುತು ಹಿಡಿದರು. ಏಳಲಿಲ್ಲ.

"ಕೂತ್ಕೊಳ್ಳಿ," ಎಂದರು, ಇಬ್ಬರಿಗೂ ಸೇರಿಸಿ.

ದೇವಯ್ಯ ಸುತ್ತಿ ಬಳಸಲಿಲ್ಲ. "ಹುಚ್ಚಯ್ಯ, ಅವತ್ತು ಮಂಡ್ಯದಲ್ಲಿ ನೀನು ತಪ್ಪು ಮಾಡಿರ್ಲಿಲ್ಲ. ಹಾಳೆ ತಪ್ಪಾಗಿತ್ತು. ನಾನು ಬರೆಯುವಾಗ ಒಂದು ರೆಸ್ಟ್ ಬುಟ್ಟುಬುಟ್ಟಿದ್ದೆ. ಈಗ ಗೊತ್ತಾಯ್ತು."

ಹುಚ್ಚಯ್ಯ ಕೈ ಚಾಚಿದರು. ಮಂಜುಶ್ರೀ ಪುಸ್ತಕ ತೆಗೆದು, ಪುಟ ಹುಡುಕಿ ಕೊಟ್ಟಳು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಬಾರಿನಿಂದ ಓದತೊಡಗಿದರು. ಬಲಗಾಲಿನ ಹೆಬ್ಬೆರಳು ನೆಲದ ಮೇಲೆ ಸದ್ದಿಲ್ಲದೆ ಎಣಿಸುತ್ತಿತ್ತು. ತುಟಿ ವಾದ್ಯದ ಮೂತಿಗೆ ಇಟ್ಟಂತೆ ಬಿಗಿದುಕೊಂಡಿತ್ತು. ನಲವತ್ತು ವರ್ಷ ವಾದ್ಯ ಮುಟ್ಟದ ಮನುಷ್ಯ ಎಲ್ಲೂ ತಡವರಿಸದೆ ಓದುವುದನ್ನು ಅವಳು ನೋಡಿದಳು. ಮೂವತ್ತೇಳಕ್ಕೆ ಬಂದಾಗ ಹೆಬ್ಬೆರಳು ನಿಂತಿತು. ಮತ್ತೆ ಐದನೆಯ ಬಾರಿಗೆ ಹೋದರು. ಮತ್ತೆ ಮೂವತ್ತೇಳಕ್ಕೆ ಬಂದರು.

"ಬರೆದಂಗೇ ಊದಿದ್ದೆ ನಾನು," ಎಂದರು. ಯಾರಿಗೂ ಹೇಳಿದಂತಿರಲಿಲ್ಲ.

"ಹೂಂ," ಎಂದರು ದೇವಯ್ಯ. "ಮಾಸ್ತರು ಕೇಳ್ದಾಗ ನಾನು ನೋಡ್ದೆ ಹೇಳ್ಬುಟ್ಟೆ. ಅದೂ ನನ್ನ ತಪ್ಪೇ."

"ನಿಂಗೆ ಏನ್ ಗೊತ್ತು ದೇವಣ್ಣ?" ಹುಚ್ಚಯ್ಯನವರ ದನಿ ಏರಲಿಲ್ಲ. "ಹಾಳೇಲಿ ಇದ್ದದ್ದೇ ಊದ್ದೆ ಅಂತ ಅಲ್ಲಿ ಹೇಳ್ದೆ, ನಿಜ. ಮನೆಗೆ ಬಂದ್ಮೇಲೆ ನನಗೇ ಅನುಮಾನ ಬಂತು. ದೇವಣ್ಣ ಬರೆದದ್ದು ತಪ್ಪಾಗಿರಕ್ಕೆ ಸಾಧ್ಯವಾ, ನಾನೇ ಎಣಿಕೆ ತಪ್ಪಿರ್ಬೇಕು ಅನ್ಕೊಂಡೆ. ಗಾಡಿ ಓಡಿಸ್ತಾ ಓಡಿಸ್ತಾ ಆ ಜಾಗ ಎಷ್ಟು ಸಲ ಎಣಿಸಿದೀನಿ ಗೊತ್ತಾ? ಎಂಗೆಣಿಸಿದ್ರೂ ಸರಿಯಾಗೇ ಬರೋದು. ಸರಿ ಬಂದಷ್ಟೂ ನನ್ನ ತಲೇನೇ ಕೆಟ್ಟಿದೆ ಅನ್ನಿಸೋದು. ಈಗ ತಂದಿದೀಯಲ್ಲ, ಯಾರಿಗೆ ತೋರಿಸ್ಲಿ ಇದನ್ನ? ಮಾಸ್ತರಿಲ್ಲ. ನಕ್ಕಿದ್ದವರಿಲ್ಲ. ನಮ್ಮಪ್ಪ ಇಲ್ಲ."

ಪುಟ್ಟತಾಯಮ್ಮ ಕಾಫಿ ತಂದರು. ಏನೂ ಕೇಳಿಸಿಕೊಳ್ಳದವರಂತೆ ಲೋಟಗಳನ್ನಿಟ್ಟು, "ಸಕ್ಕರೆ ಹಾಕಿದೀನಿ, ನೋಡ್ಕೊಂಡು ಕುಡೀರಿ," ಎಂದು ಹೋದರು. ಮೂವರೂ ಕಾಫಿ ಕುಡಿದು ಲೋಟ ಕೆಳಗಿಟ್ಟರು.

ಏಳುವಾಗ ದೇವಯ್ಯ ಕೈ ಮುಗಿದರು. ಹುಚ್ಚಯ್ಯ ಮುಗಿಯಲಿಲ್ಲ.

"ಪುಸ್ತಕ ಇಲ್ಲಿರಲಿ," ಎಂದರಷ್ಟೆ.

ವಾಪಸು ಬರುವಾಗ ಆಟೋದಲ್ಲಿ ದೇವಯ್ಯನವರು, "ಬೈದಿದ್ರೆ ಚೆನ್ನಾಗಿತ್ತು," ಎಂದರು. ಅವಳು ಅವರ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. ಅದಕ್ಕಿಂತ ಹೆಚ್ಚಿನ ಸಮಾಧಾನ ಹೇಳುವ ಶಕ್ತಿ ಆ ಹೊತ್ತು ಅವಳಲ್ಲಿರಲಿಲ್ಲ.

ಅಂದು ಸಂಜೆ ದೇವಯ್ಯ ಇನ್ನೊಂದು ಮಾತು ಹೇಳಿದರು. ಅಚ್ಚಾಗುವ ಪುಟದ ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರಬೇಕು. ತಪ್ಪು ಯಾರದೆಂದು ಅಲ್ಲಿರಬೇಕು. ಅವಳು ಬರೆದಳು: 'ಮೂವತ್ತೇಳನೆಯ ಬಾರಿನ ಮೊದಲ ರೆಸ್ಟ್ ನಕಲುಗಾರ ದೇವಯ್ಯನ ಕೈತಪ್ಪಿನಿಂದ ಬಿಟ್ಟುಹೋಗಿತ್ತು. ಊದಿದ ಹುಚ್ಚಯ್ಯನವರದು ತಪ್ಪಲ್ಲ.' ಎರಡು ಸಾಲಿಗೆ ಎರಡು ಮಧ್ಯಾಹ್ನ ಹಿಡಿಯಿತು. ಅಡಿಟಿಪ್ಪಣಿ ಒಮ್ಮೆ ಮುಂದಿನ ಪುಟಕ್ಕೆ ಹೋಯಿತು, ಒಮ್ಮೆ ಸ್ವರಗಳ ಮೇಲೆಯೇ ಹತ್ತಿ ಕೂತಿತು, ಒಮ್ಮೆ ಕಾಣೆಯೇ ಆಯಿತು. ಕೊನೆಗೆ ಒಂದು ಆವರಣದ ಹೊರಗೆ ಬರೆದಿದ್ದನ್ನು ಒಳಗೆ ಬರೆದಾಗ ತನ್ನ ಜಾಗದಲ್ಲಿ ನಿಂತಿತು.

ಒಂದು ವಾರದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಅವತ್ತು ಬಂದಿದ್ದ ದೇವಣ್ಣನ ಮಗಳಲ್ವಾ? ನಾನು ಹುಚ್ಚಯ್ಯ. ಅಶೋಕನ ಹತ್ರ ನಂಬರ್ ಇಸ್ಕೊಂಡೆ. ಬಾರ್ ಐವತ್ತೆಂಟು ತೆಗಿ. ಅಲ್ಲಿ ಬಿ ಅಂತ ಬರೆದವನೆ ನಿಮ್ಮಪ್ಪ. ಬಿ ಅಲ್ಲ, ಬಿ ಫ್ಲ್ಯಾಟು, ಅರ್ಧ ಸ್ವರ ಇಳೀಬೇಕು. ಇಲ್ದಿದ್ರೆ ಕಿವಿಗೆ ಮುಳ್ಳು ಚುಚ್ಚಿದಂಗಾಗುತ್ತೆ."

ಅವಳು ಗಾಬರಿಯಿಂದಲೇ ತೆಗೆದು ನೋಡಿದಳು. ಅವರು ಹೇಳಿದ್ದು ಸರಿಯಾಗಿತ್ತು. ಸಾಫ್ಟ್‌ವೇರಿಗೆ ಎಣಿಕೆ ಗೊತ್ತು, ಅಪಸ್ವರ ಗೊತ್ತಿಲ್ಲ. ಅದು ಎಂದೂ ದೂರಿರಲಿಲ್ಲ.

"ಬ್ಯಾರೆಯವರ ಪುಸ್ತಕ ಎಂಗಿದೆ?" ಎಂದರು ಹುಚ್ಚಯ್ಯ.

"ಎಲ್ಲ ಟೈಪ್ ಆಗಿದೆ ಸರ್. ಯಾರೂ ತಿದ್ದಿ ನೋಡಿಲ್ಲ."

"ದೊಡ್ಡದಾಗಿ ಪ್ರಿಂಟ್ ಹಾಕಿ ತಂದ್ಕೊಡು. ನೀನೊಬ್ಳೇ ಬಾ."

ಅವಳೊಬ್ಬಳೇ ಹೋಗಿ, ಹೊಸ ಪ್ರಿಂಟಿನ ಜೊತೆಗೆ ಹಳೆಯ ಪುಸ್ತಕಗಳನ್ನೂ ಕೊಟ್ಟು ಬಂದಳು. ಅಲ್ಲಿಂದ ಮೂರು ವಾರ, ಹೆಚ್ಚುಕಡಿಮೆ ದಿನಾ ಹನ್ನೊಂದು ಗಂಟೆಗೆ ಫೋನು. ನಮಸ್ಕಾರವಿಲ್ಲ, ಕುಶಲ ವಿಚಾರವಿಲ್ಲ. ಎರಡನೆಯ ಕಾರ್ನೆಟ್, ಬಾರ್ ಹದಿನಾಲ್ಕು. ಬೇಸ್, ಬಾರ್ ಎಪ್ಪತ್ತು, ಅಲ್ಲಿ ಸ್ವರ ಎಳೀಬೇಕು, ಕತ್ತರಿಸಿಬುಟ್ಟಿದೀರಿ. ಗಿರಾಕಿ ಎದುರಿಗಿದ್ದರೆ ಅವಳು ಒಂದು ಕೈಯಲ್ಲಿ ಲಗ್ನಪತ್ರಿಕೆಯ ಕರಡು ಹಿಡಿದು, ಇನ್ನೊಂದು ಕೈಯಲ್ಲಿ ಗುರುತು ಹಾಕಿಕೊಳ್ಳುವಳು. ದೇವಯ್ಯ ಆ ಹೊತ್ತಿಗೆ ಸರಿಯಾಗಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ಅವಳು ಸ್ಪೀಕರ್ ಹಾಕುತ್ತಿದ್ದಳು. ಇತ್ತ ಕಡೆ ಇನ್ನೊಬ್ಬರಿದ್ದಾರೆಂದು ಹುಚ್ಚಯ್ಯನವರಿಗೆ ತಿಳಿದಿತ್ತೋ ಇಲ್ಲವೋ, ಕೇಳಲಿಲ್ಲ. ಒಟ್ಟು ಹದಿನೇಳು ತಪ್ಪು. ನಾಲ್ಕು ಅವಳವು, ಹದಿಮೂರು ಅಪ್ಪನವು. ಒಂದೊಂದು ತಪ್ಪು ಕೇಳಿದಾಗಲೂ ದೇವಯ್ಯ ತಲೆಯಾಡಿಸುವರು. "ಅವನು ಓದ್ತಾನೆ ಕಣವ್ವ," ಎಂದು ಒಮ್ಮೆ ಹೇಳಿದರು. "ಮಾಸ್ತರಿಗಿಂತ ಚೆನ್ನಾಗಿ ಓದ್ತಾನೆ."

ಕೊನೆಯ ದಿನ ಅಡಿಟಿಪ್ಪಣಿಯ ಮಾತು ಬಂತು.

"ಅದು ಇರಲಿ," ಎಂದರು ಹುಚ್ಚಯ್ಯ. "ಆದ್ರೆ ಬರೀ ಊದಿದ ಹುಚ್ಚಯ್ಯ ಅಂತ ಬೇಡ. ಕೆ. ಹುಚ್ಚಯ್ಯ, ಯುಫೋನಿಯಂ ವಾದಕರು ಅಂತ ಹಾಕು."

ಹಾಗೆಯೇ ಹಾಕಿದಳು.

ಚಾಮರಾಜಪುರಂನ ಶಾಲೆಯ ಹಾಲಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಲಹರಿಯ ವಿದ್ಯಾರ್ಥಿಗಳು ಬೆಟ್ಟದ ಮಾರ್ಚ್ ನುಡಿಸಿದರು. ನಲವತ್ತೋ ಐವತ್ತೋ ಜನ ಇದ್ದರು, ಹೆಚ್ಚಿನವರು ಅಪ್ಪ ಅಮ್ಮಂದಿರು. ಹುಚ್ಚಯ್ಯ ಬರಲಿಲ್ಲ. ಬರಲಾರೆ ಎಂದು ಮೊದಲೇ ಹೇಳಿದ್ದರು, ಕಾರಣ ಹೇಳಿರಲಿಲ್ಲ. ಮೂವತ್ತೇಳನೆಯ ಬಾರ್ ಬಂತು, ಹೋಯಿತು. ಯುಫೋನಿಯಂ ಹಿಡಿದ ಹುಡುಗಿ ಒಂದು ಎಣಿಕೆ ಕಾದು ಸರಿಯಾಗಿ ಎತ್ತಿದಳು. ಸಭೆಯಲ್ಲಿ ಯಾರಿಗೂ ಏನೂ ಅನಿಸಿರಲಿಕ್ಕಿಲ್ಲ. ದೇವಯ್ಯ ಮಾತ್ರ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದವರು ಕೈ ಸಡಿಲಿಸಿದರು. ಮಂಜುಶ್ರೀ ಅದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ ಹುಚ್ಚಯ್ಯನವರಿಗೆ ಕಳಿಸಿದಳು.

ಮನೆಗೆ ಬಂದು ಅಕ್ಕಿ ತೊಳೆಯುತ್ತಿದ್ದಾಗ ಫೋನ್ ಬಂತು.

"ಯುಫೋನಿಯಂ ಯಾರು?"

"ಪಿಯುಸಿ ಓದೋ ಹುಡುಗಿ ಸರ್."

"ಉಸಿರು ಸಾಲ್ದು. ಹೊಟ್ಟೆಯಿಂದ ಎತ್ತಬೇಕು. ಎಣಿಕೆ ಸರಿಯಾಗಿದೆ." ಸ್ವಲ್ಪ ತಡೆದು, "ನಿಮ್ಮಪ್ಪ ಅಲ್ಲೇ ಅವ್ನಾ? ಕೊಡು."

ಅವಳು ಫೋನನ್ನು ಅಪ್ಪನ ಕೈಗಿಟ್ಟು ಅಡಿಗೆಮನೆಗೆ ಹೋದಳು. ನಿಂತು ಕೇಳಿಸಿಕೊಳ್ಳಬೇಕೆನಿಸಿತು, ಕೇಳಿಸಿಕೊಳ್ಳಲಿಲ್ಲ. ಕುಕ್ಕರ್ ಮೂರು ಸಲ ಕೂಗಿತು. ಹೊರಗೆ ಬಂದಾಗ ದೇವಯ್ಯ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಏನಂದ್ರು ಅಪ್ಪಾಜಿ?"

"ಪುಟ್ಟತಾಯಮ್ಮನಿಗೆ ಕಣ್ಣಿನ ಪೊರೆ ಬಂದಿದ್ಯಂತೆ. ಆಪರೇಷನ್ ಮಾಡಿಸ್ಬೇಕಂತೆ. ನಾನು ಯಾವ ಡಾಕ್ಟ್ರಿಗೆ ತೋರಿಸ್ತೀನಿ, ನೋವಾಗುತ್ತಾ, ಎಷ್ಟು ದಿನ ತಲೆ ಬಗ್ಗಿಸಬಾರ್ದು, ಅದನ್ನೆಲ್ಲ ಕೇಳ್ದ."

"ಮತ್ತೆ?"

"ಅಷ್ಟೇ ಕಣವ್ವ. ಅದನ್ನೇ ಮಾತಾಡ್ದೊ." ದೇವಯ್ಯ ಕುರ್ಚಿಯ ತೋಳು ಹಿಡಿದು ಮೇಲೆದ್ದರು. "ಅಡಿಗೆ ಆಗಿದ್ರೆ ಬಡಿಸು. ಹಸಿವಾಗ್ತಿದೆ."